ರಕ್ತಪಿಶಾಚಿಯ ಕಾದಂಬರಿ ಬರೆಯುವ ಮುನ್ನ ಮೆದ್ವೆಜದ ಮಹಜರು ಓದಿ

ರಕ್ತಪಿಶಾಚಿಯ ಬಗ್ಗೆ ಬರೆಯಹೊರಟವರಲ್ಲಿ ಬಹುತೇಕರು ಕೋಟೆಯಿಂದ ಶುರುಮಾಡುತ್ತಾರೆ. ಬೆಟ್ಟದ ತುದಿ, ಕಪ್ಪು ನಿಲುವಂಗಿ, ಕೋರೆಹಲ್ಲು, ಬಾವಲಿ. ಖಳ ಯಾರೆಂದು ಓದುಗನಿಗೆ ಮೊದಲ ಪುಟದಲ್ಲೇ ಗೊತ್ತಾಗಿಬಿಡುತ್ತದೆ. ಆಮೇಲೆ ಉಳಿಯುವುದು ಬರೀ ಓಡಾಟ, ಹೊಡೆದಾಟ. ಕುತೂಹಲ ಸತ್ತಮೇಲೆ ಎಷ್ಟು ನೆತ್ತರು ಹರಿಸಿದರೂ ಅಷ್ಟೇ.

ಐತಿಹ್ಯದ ಮೂಲಕ್ಕೆ ಹೋದರೆ ಅಲ್ಲಿ ಕೋಟೆಯೇ ಇಲ್ಲ. ಇರುವುದು ಸರ್ಬಿಯಾದ ಮೆದ್ವೆಜದಂಥ ಒಂದು ಹಳ್ಳಿ, ಸಾಲುಸಾಲು ಸಾವು, ಹೂಳಿ ವಾರಗಳಾದ ಒಬ್ಬನ ಮೇಲೆ ಆರೋಪ, ತನಿಖೆಗೆ ಬಂದ ಸರ್ಕಾರಿ ವೈದ್ಯ ಮತ್ತು ಅವನು ಬರೆದ ಮಹಜರು. ಅಂದರೆ ಇದು ಹುಟ್ಟಿನಿಂದಲೇ ಪತ್ತೇದಾರಿ ಕಥೆ. ಆರೋಪಿ ಸತ್ತಿದ್ದಾನೆ, ಸಾಕ್ಷ್ಯ ಅವನ ಹೆಣವೇ. ಆ ಜಾಡು ಹಿಡಿದು ಕಾದಂಬರಿ ಕಟ್ಟುವುದು ಹೇಗೆಂದು ಇಲ್ಲಿ ಹಂತಹಂತವಾಗಿ ನೋಡೋಣ.

ಹಂತ 1: ಒಂದು ಊರು, ಒಂದು ಚಳಿಗಾಲ

"ಪೂರ್ವ ಯುರೋಪಿನ ಯಾವುದೋ ಹಳ್ಳಿ" ಎಂದು ಬರೆದರೆ ಕಥೆ ಅಲ್ಲಿಗೇ ಸೋತಂತೆ. ಊರಿನ ಹೆಸರು, ಇಸವಿ, ತಿಂಗಳು ಮೂರೂ ಖಚಿತವಾಗಿರಲಿ.

ನನ್ನ ಆಯ್ಕೆ ಸರ್ಬಿಯಾದ ಮೆದ್ವೆಜ, 1731-32ರ ಚಳಿಗಾಲ. 1718ರ ಒಪ್ಪಂದದಲ್ಲಿ ಉತ್ತರ ಸರ್ಬಿಯಾ ತುರ್ಕರ ಕೈಯಿಂದ ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ಅರಸರಿಗೆ ಬಂತು, 1739ರಲ್ಲಿ ಮತ್ತೆ ತುರ್ಕರಿಗೇ ಹೋಯಿತು. ನಡುವಿನ ಇಪ್ಪತ್ತೊಂದು ವರ್ಷಗಳಲ್ಲಿ ಗಡಿ ಕಾಯಲು ಹೈದುಕ್ ಎಂಬ ಸ್ಥಳೀಯ ಯೋಧರನ್ನು ಹಳ್ಳಿಗಳಲ್ಲಿ ನೆಲೆಯೂರಿಸಿದ್ದರು. ಅಧಿಕಾರಿಗಳು ಬರೆಯುತ್ತಿದ್ದುದು ಜರ್ಮನ್, ಊರವರ ಮಾತು ಸರ್ಬಿಯನ್, ಊರವರ ಧರ್ಮ ಆರ್ಥೊಡಾಕ್ಸ್, ಆಳುವವರದು ಕ್ಯಾಥೊಲಿಕ್. ಸಂಶಯ ಬೆಳೆಯಲು ಇದಕ್ಕಿಂತ ಫಲವತ್ತಾದ ನೆಲ ಸಿಗುವುದು ಕಷ್ಟ.

ಮೆದ್ವೆಜದಲ್ಲಿ ಅರ್ನೌಟ್ ಪಾವ್ಲೆ ಎಂಬ ಹೈದುಕ್ ಇದ್ದ. ತುರ್ಕರ ಸರ್ಬಿಯಾದಲ್ಲಿದ್ದಾಗ ಒಬ್ಬ ರಕ್ತಪಿಶಾಚಿ ತನ್ನನ್ನು ಕಾಡಿತ್ತು, ಅದರ ಗೋರಿಯ ಮಣ್ಣು ತಿಂದು, ಅದರ ರಕ್ತ ಮೈಗೆ ಬಳಿದುಕೊಂಡು ಪಾರಾದೆ ಎಂದು ಹೇಳಿಕೊಳ್ಳುತ್ತಿದ್ದ. ಮುಂದೆ ಹುಲ್ಲಿನ ಗಾಡಿಯಿಂದ ಬಿದ್ದು ಕತ್ತು ಮುರಿದು ಸತ್ತ. ತಿಂಗಳೊಪ್ಪತ್ತಿನಲ್ಲಿ ಅವನು ರಾತ್ರಿ ಬರುತ್ತಾನೆಂಬ ದೂರು ಶುರುವಾಯಿತು, ನಾಲ್ವರು ತೀರಿಕೊಂಡರು. ನಲವತ್ತನೆಯ ದಿನದ ಸುಮಾರಿಗೆ ಊರವರೇ ಗುಂಡಿ ಅಗೆದು ಎದೆಗೆ ಗೂಟ ಹೊಡೆದರು. ಹೆಣ ನರಳಿತಂತೆ. ಸುಟ್ಟರು. ಕಥೆ ಮುಗಿಯಿತು ಎಂದುಕೊಂಡರು. ಕೆಲವು ವರ್ಷಗಳ ನಂತರ ಮೂರು ತಿಂಗಳಲ್ಲಿ ಹದಿನೇಳು ಸಾವಾದವು. ಆಗ ರೆಜಿಮೆಂಟಿನ ಸರ್ಜನ್ ಯೋಹಾನ್ ಫ್ಲೂಕಿಂಗರ್ ಬಂದು, ಗೋರಿಗಳನ್ನು ತೆರೆಸಿ, 1732ರ ಜನವರಿಯಲ್ಲಿ ವರದಿ ಬರೆದ. ಆ ವರ್ಷವೇ ಅದು ಯುರೋಪಿನ ಪತ್ರಿಕೆಗಳಲ್ಲಿ ಹರಿದಾಡಿತು.

ಕಾದಂಬರಿಯನ್ನು ಪಾವ್ಲೆಯಿಂದ ಆರಂಭಿಸಬೇಡಿ. ಎರಡನೆಯ ಸುತ್ತಿನಿಂದ ಆರಂಭಿಸಿ. ಆಗ ಪಾವ್ಲೆ ಊರವರು ಪಿಸುಗುಟ್ಟುವ ಹಳೆಯ ಪ್ರಕರಣವಾಗುತ್ತಾನೆ, ಓದುಗನಿಗೆ ತುಣುಕುತುಣುಕಾಗಿ ಸಿಗುತ್ತಾನೆ.

ಹಂತ 2: ನಿಯಮಗಳ ಪಟ್ಟಿ

ನಿಮ್ಮ ಕಥೆಯ ಪಿಶಾಚಿ ಏನು ಮಾಡಬಲ್ಲದು, ಏನು ಮಾಡಲಾರದು? ಬರೆಯುವ ಮೊದಲೇ ಇದು ಇತ್ಯರ್ಥವಾಗಬೇಕು. ಐದಾರು ನಿಯಮಕ್ಕಿಂತ ಹೆಚ್ಚು ಬೇಡ.

ಇಲ್ಲಿ ಕಾಲದ ಎಚ್ಚರ ಬೇಕು. ಬಿಸಿಲು ತಾಗಿದರೆ ಪಿಶಾಚಿ ಕರಗಿ ಹೋಗುವುದು 1922ರ ಒಂದು ಜರ್ಮನ್ ಮೂಕಿ ಚಿತ್ರದಿಂದ ಬಂದದ್ದು. 1897ರ ಪ್ರಸಿದ್ಧ ಕಾದಂಬರಿಯ ಕೌಂಟ್ ಡ್ರಾಕುಲಾ ಹಗಲಲ್ಲೇ ಲಂಡನ್ನಿನಲ್ಲಿ ಓಡಾಡುತ್ತಾನೆ. ಸಿರಿವಂತ, ಸುಂದರ, ಬಿಳಿಚಿದ ಪಿಶಾಚಿಯ ಫ್ಯಾಷನ್ 1819ರ ಒಂದು ಇಂಗ್ಲಿಷ್ ಕಥೆಯಿಂದ ಹಬ್ಬಿತು. ರಕ್ತ ಹೀರುವ ಬಾವಲಿಗಳು ಇರುವುದು ಮೆಕ್ಸಿಕೊದಿಂದ ದಕ್ಷಿಣ ಅಮೆರಿಕದವರೆಗೆ ಮಾತ್ರ, ಸರ್ಬಿಯಾದ ಮೊರಾವಾ ನದಿಯ ದಡದಲ್ಲಲ್ಲ. ಇವನ್ನೆಲ್ಲ 1732ರ ಹಳ್ಳಿಗೆ ತಂದು ಸುರಿದರೆ ತಿಳಿದ ಓದುಗ ಪುಸ್ತಕ ಮಡಚುತ್ತಾನೆ.

ಹಳ್ಳಿಗರ ಪಿಶಾಚಿ ಬೇರೆಯೇ. ಅದು ಕೆಂಪೇರಿದ ಮುಖದ, ಉಬ್ಬಿದ ಮೈಯ ರೈತ. ಕತ್ತು ಕಚ್ಚುವುದಕ್ಕಿಂತ ಹೆಚ್ಚಾಗಿ ಎದೆಯ ಮೇಲೆ ಕೂತು ಉಸಿರುಕಟ್ಟಿಸುತ್ತದೆ. ದನಕುರಿಗಳನ್ನೂ ಬಿಡುವುದಿಲ್ಲ. ಅದು ಕೊಂದ ಕುರಿಯ ಮಾಂಸ ತಿಂದವರೂ ಸತ್ತಮೇಲೆ ಹಾಗೇ ಆಗುತ್ತಾರೆಂಬ ನಂಬಿಕೆ ಮೆದ್ವೆಜದ ವರದಿಯಲ್ಲೇ ಇದೆ. ಈ ಒಂದು ನಿಯಮ ಕಾದಂಬರಿಕಾರನಿಗೆ ನಿಧಿ: ಐದು ವರ್ಷದ ಹಿಂದಿನ ಹಬ್ಬದೂಟದಲ್ಲಿ ಯಾರ್ಯಾರು ಉಂಡಿದ್ದರು? ಪ್ರತಿಯೊಬ್ಬರೂ ಶಂಕಿತರು, ಪ್ರತಿಯೊಬ್ಬರೂ ಸುಳ್ಳು ಹೇಳಬಲ್ಲರು.

ಇನ್ನೊಂದು ನಿಯಮ ಇದಕ್ಕಿಂತ ಕ್ರೂರ. ಪಿಶಾಚಿ ಮೊದಲು ತನ್ನವರನ್ನೇ ಹುಡುಕಿಕೊಂಡು ಬರುತ್ತದೆ. 1725ರಲ್ಲಿ ಕಿಸಿಲೆವೊ ಎಂಬ ಹಳ್ಳಿಯಲ್ಲಿ ಪೇತರ್ ಬ್ಲಾಗೊಯೆವಿಚ್ ಸತ್ತ ಮೇಲೆ, ಅವನು ಬಂದು ತನ್ನ ಚಪ್ಪಲಿ ಕೇಳಿದನೆಂದು ಹೆಂಡತಿ ಹೇಳಿ ಊರು ಬಿಟ್ಟು ಹೋದಳು. ಚಪ್ಪಲಿ! ರಕ್ತ ಕೇಳಿದ್ದರೆ ಇಷ್ಟು ಭಯವಾಗುತ್ತಿರಲಿಲ್ಲ. ದೂರ ಹೊರಟವನಿಗೆ ತಾನೇ ಚಪ್ಪಲಿ ಬೇಕಾಗುವುದು.

ಹಂತ 3: ಹೆಣದ ವಿಜ್ಞಾನ ಕಲಿಯಿರಿ

ಮುಜುಗರವಾದರೂ ಈ ಹಂತ ಬಿಡುವಂತಿಲ್ಲ, ಏಕೆಂದರೆ ನಿಮ್ಮ ಸಾಕ್ಷ್ಯವೆಲ್ಲ ಇಲ್ಲೇ ಇದೆ. ಗೋರಿ ತೆರೆದವರು ಕಂಡದ್ದು ಸುಳ್ಳಲ್ಲ. ಅದಕ್ಕೆ ಕೊಟ್ಟ ಅರ್ಥ ಮಾತ್ರ ಬೇರೆ.

ಒಳಗಿನ ಬ್ಯಾಕ್ಟೀರಿಯಾಗಳಿಂದ ಅನಿಲ ತುಂಬಿ ಹೆಣ ಉಬ್ಬುತ್ತದೆ, ಚೆನ್ನಾಗಿ ಉಂಡವನಂತೆ ಕಾಣುತ್ತದೆ. ಆ ಒತ್ತಡಕ್ಕೆ ಬಾಯಿ ಮೂಗಿನಿಂದ ಕಪ್ಪುಗೆಂಪು ದ್ರವ ಒಸರುತ್ತದೆ, ನೋಡಿದವರಿಗೆ ಅದು ಈಗಷ್ಟೇ ಕುಡಿದ ರಕ್ತ. ಚರ್ಮ ಹಿಂದೆ ಸರಿದಾಗ ಉಗುರು, ಗಡ್ಡ ಬೆಳೆದಂತೆ ತೋರುತ್ತವೆ. ಮೇಲ್ಪದರ ಸುಲಿದು ಬಿದ್ದರೆ ಕೆಳಗಿನ ಎಳೆಗೆಂಪು "ಹೊಸ ಚರ್ಮ". ಹೆಪ್ಪುಗಟ್ಟಿದ ರಕ್ತ ಮತ್ತೆ ದ್ರವವಾಗುವುದೂ ಉಂಟು. ಗೂಟ ಹೊಡೆದಾಗ ಎದೆಯ ಗಾಳಿ ಗಂಟಲಿನ ಮೂಲಕ ನುಗ್ಗಿದರೆ ನರಳಿದ ಸದ್ದು. ಚಳಿಗಾಲದ ಮಣ್ಣಿನಲ್ಲಿ ಕೊಳೆಯುವುದೇ ನಿಧಾನ.

ಇಷ್ಟೆಲ್ಲ ಗೊತ್ತಾದ ಮೇಲೂ ಮೆದ್ವೆಜದ ವರದಿಯಲ್ಲಿ ಎರಡು ವಿವರ ಕಾಡುತ್ತವೆ. ಮಿಲಿತ್ಸಾ ಎಂಬ ಅರವತ್ತರ ಹೆಂಗಸು ಬದುಕಿದ್ದಷ್ಟು ಕಾಲ ಒಣಕಲಾಗಿದ್ದಳು, ಗೋರಿಯಲ್ಲಿ ಮೈತುಂಬಿಕೊಂಡಿದ್ದಳು ಎಂದು ಅವಳನ್ನು ಬಲ್ಲ ಹೈದುಕ್‌ಗಳೇ ಬೆರಗಾದರು. ಇನ್ನೊಂದು, ಅದೇ ಸ್ಮಶಾನದ ಅಂಥದೇ ಮಣ್ಣಿನಲ್ಲಿ ಹೂತ ಕೆಲವು ಹೆಣ ಪೂರ್ತಿ ಕೊಳೆತಿದ್ದವು, ಪಕ್ಕದವು ಕೆಡದೆ ಇದ್ದವು. ಆಳ, ತೇವ, ಮೈಯ ಕೊಬ್ಬು, ಸತ್ತ ಕಾರಣ ಇವುಗಳಲ್ಲಿ ಯಾವುದೂ ಉತ್ತರವಾಗಬಹುದು. ಆದರೆ 1732ರಲ್ಲಿ ಗುಂಡಿಯ ಅಂಚಿನಲ್ಲಿ ನಿಂತವನಿಗೆ ಆ ಉತ್ತರ ಗೊತ್ತಿಲ್ಲ. ನಿಮ್ಮ ಓದುಗನನ್ನೂ ಅಲ್ಲೇ ನಿಲ್ಲಿಸಬೇಕು.

ಮಾಡಬೇಕಾದ್ದು ಇಷ್ಟು: ಹಾಳೆಯ ನಡುವೆ ಗೆರೆ ಎಳೆದು ಎರಡು ಕಂಬ (ಕಾಲಂ) ಮಾಡಿ. ಪ್ರತಿ ಘಟನೆಗೂ ಎಡಗಡೆ ಊರವರ ವಿವರಣೆ, ಬಲಗಡೆ ವೈದ್ಯನ ವಿವರಣೆ. ಎರಡೂ ಕಡೆ ಸಮನಾಗಿ ನಂಬುವಂತಿರಬೇಕು. ಯಾವ ಕಂಬ ಬಡವಾದರೂ ಕುತೂಹಲ ಸೋರಿಹೋಗುತ್ತದೆ.

ಹಂತ 4: ಯಾರ ಕಣ್ಣಿಂದ?

ಸರ್ಜನ್‌ನ ಕಣ್ಣಿಂದ ಹೇಳುವುದು ಸುಲಭ. ಹೊರಗಿನವನು, ಓದುಗನಂತೆಯೇ ಏನೂ ಗೊತ್ತಿಲ್ಲದವನು. ಆದರೆ ಅವನಿಗೆ ಕಳೆದುಕೊಳ್ಳಲು ಏನೂ ಇಲ್ಲ, ವರದಿ ಬರೆದು ಕುದುರೆ ಹತ್ತಿ ಹೋಗುತ್ತಾನೆ. ನನ್ನ ಮತ ದುಭಾಷಿಗೆ. ಸರ್ಜನ್‌ಗೆ ಊರ ಭಾಷೆ ಬಾರದು, ಊರವರಿಗೆ ಜರ್ಮನ್ ಬಾರದು. ನಡುವೆ ನಿಂತವನು ಒಂದು ವಾಕ್ಯ ನುಂಗಿದರೆ ಒಂದು ಗೋರಿ ಉಳಿಯುತ್ತದೆ, ಒಂದು ಮಾತು ಸೇರಿಸಿದರೆ ಇನ್ನೊಂದು ತೆರೆಯುತ್ತದೆ. ಆ ಗೋರಿಗಳಲ್ಲಿ ಒಂದು ಅವನ ಅಕ್ಕನದಾದರೆ?

ಅಧಿಕಾರಿಯನ್ನು ದಡ್ಡನನ್ನಾಗಿ ಮಾಡಬೇಡಿ. ಅವನಿಗೂ ಇಕ್ಕಟ್ಟಿದೆ. ಪಿಶಾಚಿಯನ್ನು ಕೊಲ್ಲಲು ಬಿಡದಿದ್ದರೆ ಊರನ್ನೇ ಬಿಟ್ಟುಹೋಗುತ್ತೇವೆ ಎಂದು ಕಿಸಿಲೆವೊದ ಜನ ಬೆದರಿಸಿದ್ದರು. ಊರು ಖಾಲಿಯಾದರೆ ತೆರಿಗೆಯೂ ಹೋಯಿತು, ಗಡಿಯ ಕಾವಲೂ ಹೋಯಿತು. ಆ ಪ್ರಕರಣದ ಅಧಿಕಾರಿ ಫ್ರೊಂಬಾಲ್ಡ್ ವರದಿಯ ಕೊನೆಗೆ, ಇದರಲ್ಲಿ ತಪ್ಪೇನಾದರೂ ಆಗಿದ್ದರೆ ಅದು ತನ್ನದಲ್ಲ, ಭಯದಿಂದ ಬುದ್ಧಿ ಕಳೆದುಕೊಂಡ ಜನರದು ಎಂಬರ್ಥದಲ್ಲಿ ಬರೆದು ಕೈತೊಳೆದುಕೊಂಡ. ಸರ್ಕಾರಿ ಕಚೇರಿಯ ಕಡತ ನೋಡಿದ ಯಾರಿಗೂ ಈ ಧಾಟಿ ಹೊಸದೇನಲ್ಲ.

ಇನ್ನೊಂದು ಸಾಧ್ಯತೆ ಬೇಕಿದ್ದರೆ ಅಟ್ಲಾಂಟಿಕ್ ದಾಟಿ. ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಎಕ್ಸೆಟರ್‌ನಲ್ಲಿ ಜಾರ್ಜ್ ಬ್ರೌನ್ ಎಂಬ ರೈತ ಕ್ಷಯಕ್ಕೆ ಹೆಂಡತಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕಳೆದುಕೊಂಡ. ಮಗ ಎಡ್ವಿನ್ ಹಾಸಿಗೆ ಹಿಡಿದ. ಸತ್ತವರಲ್ಲೊಬ್ಬರು ಅವನನ್ನು ಹೀರುತ್ತಿದ್ದಾರೆಂದು ನೆರೆಹೊರೆಯವರು ಪಟ್ಟುಹಿಡಿದರು. ಜಾರ್ಜ್‌ಗೆ ನಂಬಿಕೆ ಇರಲಿಲ್ಲ, ಆದರೂ ಒಪ್ಪಿದ. 1892ರ ಮಾರ್ಚ್ 17ರಂದು ಹೆಣಗಳನ್ನು ಹೊರತೆಗೆದರು. ಜನವರಿಯಲ್ಲಿ ಸತ್ತಿದ್ದ ಹತ್ತೊಂಬತ್ತರ ಮರ್ಸಿಯ ದೇಹ ಚಳಿಗೆ ಕೆಟ್ಟಿರಲಿಲ್ಲ. ನಂಬದ ಅಪ್ಪನೊಬ್ಬ ಮಗನಿಗಾಗಿ ಮಗಳ ಗೋರಿ ತೆರೆಯಲು ಹೂಂ ಎನ್ನುವ ಆ ಸಂಜೆಯನ್ನು ಬರೆಯಬಲ್ಲವರು ಬೇರೆ ಪಿಶಾಚಿಯನ್ನು ಹುಡುಕಬೇಕಿಲ್ಲ.

ಹಂತ 5: ಕ್ಯಾಲೆಂಡರ್ ಮೊದಲು, ಅಧ್ಯಾಯ ಆಮೇಲೆ

ಈ ಬಗೆಯ ಕಥೆಯ ಜೀವ ದಿನಾಂಕಗಳಲ್ಲಿದೆ. ಯಾರು ಯಾವತ್ತು ಮಲಗಿದರು, ಎಷ್ಟನೆಯ ದಿನ ಸತ್ತರು, ಯಾವಾಗ ಹೂತರು, ಯಾವಾಗ ಅಗೆದರು. ಗೋಡೆಗೆ ದೊಡ್ಡ ಹಾಳೆ ಅಂಟಿಸಿ ಕೊನೆಯಿಂದ ಮೊದಲಿಗೆ ಬನ್ನಿ: ಗೋರಿ ತೆರೆಯುವ ದಿನವನ್ನು ಮೊದಲು ಗುರುತು ಹಾಕಿ, ಅಲ್ಲಿಂದ ಒಂದೊಂದು ಸಾವನ್ನೂ ಹಿಂದಕ್ಕೆ ಇಡುತ್ತ ಹೋಗಿ. ಆರ್ಥೊಡಾಕ್ಸರಲ್ಲಿ ಸತ್ತ ನಲವತ್ತನೆಯ ದಿನಕ್ಕೆ ಮಹತ್ವವಿದೆ. ಆ ದಿನ ಹತ್ತಿರವಾಗುತ್ತಿದ್ದಂತೆ ಊರಿನ ಉಸಿರು ಬಿಗಿಯಾಗಲಿ.

ಹದಿನೇಳು ಸಾವನ್ನೂ ತೋರಿಸಬೇಕಿಲ್ಲ. ಐದು ಸಾಕು. ಪ್ರತಿ ಸಾವು ಸಂಶಯವನ್ನು ಒಬ್ಬರಿಂದ ಇನ್ನೊಬ್ಬರ ಕಡೆಗೆ ತಿರುಗಿಸಬೇಕು. ಸುಮ್ಮನೆ ಸಂಖ್ಯೆ ಏರಿಸುವ ಸಾವಿದ್ದರೆ ಹೊಡೆದುಹಾಕಿ. ಮೊದಲನೆಯದು ಕಾಯಿಲೆ ಎನಿಸಲಿ. ಎರಡನೆಯದು ಮೊದಲನೆಯವರ ಮನೆಯಲ್ಲೇ ಆಗಲಿ. ಮೂರನೆಯವಳು ಸಾಯುವ ಮುನ್ನ ಒಂದು ಹೆಸರು ಹೇಳಲಿ. ವರದಿಯಲ್ಲಿ ಇದು ನಡೆದೇ ಇದೆ: ಒಬ್ಬ ಹೆಂಗಸು ಆರೋಗ್ಯವಾಗಿ ಮಲಗಿದ್ದವಳು ನಡುರಾತ್ರಿ ಚೀರಿ ಎದ್ದು, ಒಂಬತ್ತು ವಾರದ ಹಿಂದೆ ಸತ್ತ ಹುಡುಗನ ಹೆಸರು ಹೇಳಿ ಅವನು ಕತ್ತು ಹಿಸುಕಿದನೆಂದಳು, ಮೂರನೆಯ ದಿನ ತೀರಿಕೊಂಡಳು. ನಾಲ್ಕನೆಯ ಸಾವು ಆ ಹೆಸರಿಗೆ ಸಂಬಂಧವೇ ಇಲ್ಲದವರದ್ದಾದರೆ ಓದುಗನ ಲೆಕ್ಕ ತಲೆಕೆಳಗು.

ಪ್ರತಿ ಅಧ್ಯಾಯದ ಕೆಳಗೆ ಎರಡು ಸಾಲು ಟಿಪ್ಪಣಿ ಇರಲಿ: ಓದುಗನಿಗೆ ಏನು ಗೊತ್ತು, ದುಭಾಷಿಗೆ ಏನು ಗೊತ್ತು. ಒಮ್ಮೆ ಓದುಗ ಮುಂದಿರಲಿ, ಒಮ್ಮೆ ಹಿಂದಿರಲಿ. ಇಬ್ಬರೂ ಸತತ ಮೂರು ಅಧ್ಯಾಯ ಸಮನಾಗಿ ನಡೆದರೆ ಅಲ್ಲಿ ಕಥೆ ಸಪ್ಪೆಯಾಗಿದೆ ಎಂದೇ ಅರ್ಥ.

ಹಂತ 6: ಭಯದ ದೃಶ್ಯ

ಫ್ಲೂಕಿಂಗರ್‌ಗಿಂತ ಮೊದಲು, 1731ರ ಡಿಸೆಂಬರಿನಲ್ಲಿ, ಗ್ಲಾಸರ್ ಎಂಬ ಸಾಂಕ್ರಾಮಿಕ ರೋಗಗಳ ವೈದ್ಯ ಬಂದಿದ್ದ. ಅಂಟುರೋಗ ಅವನಿಗೆ ಕಾಣಲಿಲ್ಲ. ಉಪವಾಸ, ಅರೆಹೊಟ್ಟೆಯ ಮೇಲೆ ಬೆರಳು ಮಾಡಿದ. ಆದರೆ ಅವನು ದಾಖಲಿಸಿದ ಒಂದು ಸಂಗತಿ ಕಥೆಗಾರರಿಗೆ ಚಿನ್ನ: ರಾತ್ರಿಯಾದರೆ ಎರಡು ಮೂರು ಮನೆಯವರು ಒಂದೇ ಮನೆಯಲ್ಲಿ ಸೇರುತ್ತಿದ್ದರು, ಕೆಲವರು ಮಲಗಿದರೆ ಉಳಿದವರು ಕಾವಲು. ಇದನ್ನು ದೃಶ್ಯವಾಗಿಸಿದರೆ ಹೀಗಾಗಬಹುದು:

"ಮೂರು ಮನೆಯವರು ಒಂದೇ ಒಲೆಯ ಸುತ್ತ. ಯೆಲೆನಾಳ ಪಾಳಿ. ಕೆಂಡ ಕೆದಕಿ, ಕುರಿಯುಣ್ಣೆಯ ಹೊದಿಕೆ ಹೆಗಲಿಗೆಳೆದು ಕೂತಳು. ಹಿತ್ತಿಲ ಬಾಗಿಲಿನ ಅಗುಳಿ ಹಾಕಿತ್ತು, ಹೋಗಿ ಮುಟ್ಟಿ ಬಂದಿದ್ದಳು. ಅವ್ವ ನಿದ್ದೆಯಲ್ಲೇ ಏನೋ ಗೊಣಗಿ ಗೋಡೆಯ ಕಡೆ ಸರಿದಳು. ಹುಲ್ಲುಹಾಸಿಗೆಯ ಈಚೆ ಬದಿಯಲ್ಲಿ ಒಬ್ಬರು ಮಲಗುವಷ್ಟು ಜಾಗವಾಯಿತು. ಯೆಲೆನಾಳ ತಮ್ಮ ಕಾವಲು ಮುಗಿಸಿ ತಡವಾಗಿ ಬಂದ ರಾತ್ರಿಗಳಲ್ಲಿ ಅವ್ವ ಹೀಗೇ ಸರಿಯುತ್ತಿದ್ದಳು. ಅವನನ್ನು ಹೂತು ಒಂಬತ್ತು ವಾರ. 'ಬಾಗಿಲು ಹಾಕ್ಕೋ ಮಗಾ, ಚಳಿ' ಎಂದಳು ಅವ್ವ, ಕಣ್ಣು ಮುಚ್ಚಿಕೊಂಡೇ."

ಇಲ್ಲಿ ಪಿಶಾಚಿ ಬಂದಿದೆಯೇ? ಮಗನನ್ನು ಕಳೆದುಕೊಂಡ ತಾಯಿಯ ಕನಸೇ? ಎರಡೂ ಓದು ನಿಲ್ಲುತ್ತವೆ. "ಭಯಾನಕ", "ಮೈ ಜುಮ್ಮೆಂದಿತು", "ನಿಗೂಢ ಆಕೃತಿ" ಇಂಥ ಪದಗಳು ಒಂದೂ ಇಲ್ಲ. ಭಯದ ದೃಶ್ಯ ಬರೆಯುವಾಗ ಮನೆಯೊಳಗಿನ ಒಂದು ರೂಢಿಯನ್ನು ಹಿಡಿದು ಅದನ್ನು ಕೂದಲೆಳೆಯಷ್ಟು ಕದಲಿಸಿ, ಬಿಡಿ. ವಿವರಿಸಹೋದರೆ ಕೆಟ್ಟಿತು.

ಹಂತ 7: ಗೋರಿ ತೆರೆಯುವುದು ನಡುವೆ, ಕೊನೆಗಲ್ಲ

ಎಲ್ಲರೂ ಇದನ್ನು ಕ್ಲೈಮ್ಯಾಕ್ಸಿಗೆ ಇಟ್ಟುಕೊಳ್ಳುತ್ತಾರೆ. ಅದಕ್ಕೇ ಮುಕ್ತಾಯಗಳು ಒಂದೇ ಥರ ಇರುತ್ತವೆ. ಗೋರಿಯನ್ನು ಪುಸ್ತಕದ ಮಧ್ಯದಲ್ಲಿ ತೆರೆಯಿರಿ. ಊರಿನ ಭಯ ಆಮೇಲೆ ಕಡಿಮೆಯಾಗಬೇಕಿತ್ತು. ಮುಂದಿನ ವಾರ ಮತ್ತೊಬ್ಬರು ಮಲಗಿದರೆ ಆಗ ಊರು ಯಾರ ಮುಖ ನೋಡುತ್ತದೆ? ಕೆಡದ ಹೆಣಗಳ ತಲೆ ಕಡಿದು, ಸುಟ್ಟು, ಬೂದಿಯನ್ನು ಮೊರಾವಾಕ್ಕೆ ಸುರಿದಾಗಿದೆ. ಸಾಕ್ಷ್ಯವೇ ನದಿಪಾಲು. ದುಭಾಷಿ ಹೇಳಿದ ಸುಳ್ಳನ್ನು ಇನ್ನು ಯಾರೂ ಪರೀಕ್ಷಿಸಲಾರರು, ಅವನೂ ಹಿಂತೆಗೆದುಕೊಳ್ಳಲಾರ.

ದೃಶ್ಯವನ್ನು ಬರೆಯುವಾಗ ಮಹಜರಿನ ಧಾಟಿ ಬಳಸಿ. ವಯಸ್ಸು, ಹೆರಿಗೆಯಲ್ಲಿ ಸತ್ತಳೇ ಜ್ವರದಲ್ಲೇ, ಹೂತು ಎಷ್ಟು ದಿನ, ಎದೆಯಲ್ಲಿ ಏನು ಕಂಡಿತು. ಒಣ ಭಾಷೆ ಓದುಗನನ್ನು ಹೆಚ್ಚು ನಡುಗಿಸುತ್ತದೆ. ಯೋಹಾನ್ ಫ್ಲೂಕಿಂಗರ್ ಇದನ್ನು ಬೇಕೆಂದು ಮಾಡಿರಲಿಲ್ಲ, ಆದರೂ ಅವನ ವರದಿ ಇವತ್ತಿಗೂ ಓದಿಸಿಕೊಳ್ಳುವುದು ಅದಕ್ಕೇ.

ಹಂತ 8: ಕನ್ನಡದಲ್ಲಿ ಹೇಗೆ?

ಕಥೆಯನ್ನು ಕರ್ನಾಟಕಕ್ಕೆ ಎತ್ತಿ ತರುವ ಆಸೆ ಬರುತ್ತದೆ. ಯೋಚಿಸಿ ಮಾಡಿ. ಹೆಣ ಸುಡುವ ಮನೆತನದಲ್ಲಿ ಗೋರಿಯೇ ಇಲ್ಲ, ಇಡೀ ಯಂತ್ರ ಕೆಡುತ್ತದೆ. ಹೂಳುವ ಸಮುದಾಯಗಳು ನಮ್ಮಲ್ಲಿ ಬೇಕಾದಷ್ಟಿವೆ, ಆದರೆ ಬದುಕಿರುವ ಜನರ ಆಚರಣೆಗೆ ಪಿಶಾಚಿಯನ್ನು ಗಂಟುಹಾಕುವುದು ಒಳ್ಳೆಯದಲ್ಲ. ಬೇತಾಳ, ಬ್ರಹ್ಮರಾಕ್ಷಸರ ಜಾಯಮಾನವೂ ಬೇರೆ: ಅವರು ವಾದಮಾಡುತ್ತಾರೆ, ಕಥೆ ಹೇಳುತ್ತಾರೆ.

ಹಾಗೆಂದು ಕನ್ನಡ ಓದುಗನಿಗೆ ಈ ಭಯ ಅಪರಿಚಿತವಲ್ಲ. ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆದ ಕಾಲ ನೆನಪಿರುವವರಿಗೆ, ಹೊಸ್ತಿಲಾಚೆಯಿಂದ ಮನೆಯವರದೇ ದನಿಯಲ್ಲಿ ಕರೆ ಬಂದರೆ ಏನಾಗುತ್ತದೆಂದು ವಿವರಿಸಬೇಕಿಲ್ಲ. ಮೆದ್ವೆಜವನ್ನು ಮೆದ್ವೆಜದಲ್ಲೇ ಬಿಟ್ಟು, ಈ ನರವನ್ನು ಮಿಡಿಯಿರಿ.

ಭಾಷೆಯ ಮಟ್ಟಿಗೆ, ಹಳ್ಳಿಗರು ಮಾತಾಡಲಿ, ಗ್ರಂಥ ಓದದಿರಲಿ. ಅವ್ವ, ಅಣ್ಣ, ಅತ್ತೆ ಎಂದೇ ಕರೆಯಲಿ. ಆದರೆ ಸೂತಕ, ತಿಥಿ, ಪಿಂಡ ತರಬೇಡಿ, ಅವರ ಲೋಕ ಕ್ರೈಸ್ತರದ್ದು. ಅಧಿಕಾರಿ ಪದವಿಗಳನ್ನು ಸರ್ಜನ್, ಲೆಫ್ಟಿನೆಂಟ್ ಎಂದೇ ಇಡಿ.

ಹಂತ 9: ಮುಕ್ತಾಯ ಮತ್ತು ತಿದ್ದುಪಡಿ

ಎರಡು ಕಂಬದ ಹಾಳೆಯಲ್ಲಿ ಒಂದನ್ನು ಕೊನೆಗೆ ಗೆಲ್ಲಿಸಲೇಬೇಕೇ? ಬೇಕಿಲ್ಲ, ಆದರೆ "ಓದುಗರಿಗೇ ಬಿಟ್ಟಿದ್ದು" ಎಂದು ಜಾರಿಕೊಳ್ಳುವಂತೆಯೂ ಇಲ್ಲ. ಪಿಶಾಚಿ ಇದೆಯೋ ಇಲ್ಲವೋ ತೆರೆದೇ ಇರಲಿ, ಯಾರು ಯಾರಿಗೆ ಏನು ಮಾಡಿದರು ಎಂಬುದು ಮಾತ್ರ ಪೂರ್ತಿ ತಿಳಿಯಬೇಕು. ಎಕ್ಸೆಟರ್‌ನಲ್ಲಿ ಮರ್ಸಿಯ ಹೃದಯ ಮತ್ತು ಯಕೃತ್ತನ್ನು ಬಂಡೆಯ ಮೇಲೆ ಸುಟ್ಟು, ಬೂದಿಯನ್ನು ಎಡ್ವಿನ್‌ಗೆ ಕುಡಿಸಿದರು. ಎರಡು ತಿಂಗಳೊಳಗೆ ಅವನೂ ಸತ್ತ. ಕ್ಷಯದ ಕ್ರಿಮಿಯನ್ನು ರಾಬರ್ಟ್ ಕೋಖ್ ಗುರುತಿಸಿ ಆಗಲೇ ಹತ್ತು ವರ್ಷವಾಗಿತ್ತು. ಹೆಣ ಪರೀಕ್ಷಿಸಿದ ವೈದ್ಯ ಶ್ವಾಸಕೋಶದಲ್ಲಿ ಕ್ಷಯದ ಗುರುತಿದೆ ಎಂದು ಹೇಳಿಯೂ ಇದ್ದ. ಗೊತ್ತಿದ್ದೂ ನಿಲ್ಲಿಸಲಾಗದ ಆ ಸ್ಥಿತಿಯೇ ಮುಕ್ತಾಯದ ಮಾದರಿ.

ಇತಿಹಾಸದಲ್ಲಿ ಈ ಅಧ್ಯಾಯವನ್ನು ಮುಚ್ಚಲು ಯತ್ನಿಸಿದ್ದು 1755ರಲ್ಲಿ. ರಾಣಿ ಮರಿಯಾ ತೆರೇಸಾ ತನ್ನ ಆಸ್ಥಾನ ವೈದ್ಯ ಗೆರಾರ್ಡ್ ಫಾನ್ ಸ್ವೀಟನ್‌ನ ಅಭಿಪ್ರಾಯ ಪಡೆದು, ಇಂಥ ಪ್ರಕರಣಗಳಲ್ಲಿ ಸ್ಥಳೀಯರು ತಾವೇ ಗೋರಿ ಅಗೆದು ಹೆಣ ಸುಡುವುದಕ್ಕೆ ಕಡಿವಾಣ ಹಾಕಿದಳು. ಉಪಸಂಹಾರ ಬೇಕೆನಿಸಿದರೆ ಮುದುಕನಾದ ನಿಮ್ಮ ದುಭಾಷಿಗೆ ಆ ಆಜ್ಞೆಯನ್ನು ಅನುವಾದಿಸುವ ಕೆಲಸ ಬರಬಹುದು. ಸರ್ಬಿಯಾ ಅಷ್ಟರಲ್ಲಿ ತುರ್ಕರ ಕೈಲಿರುವುದರಿಂದ ಅವನನ್ನು ಮೊದಲೇ ಗಡಿ ದಾಟಿಸಿರಿ.

ತಿದ್ದುವಾಗ ಮೊದಲು "ರಕ್ತಪಿಶಾಚಿ" ಎಂಬ ಪದವನ್ನು ಹುಡುಕಿ. ಮೊದಲ ಮೂರನೇ ಒಂದು ಭಾಗದಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಹೇಳದಿದ್ದರೆ ಒಳ್ಳೆಯದು, ಜನ "ಅವನು" ಎನ್ನಲಿ. ಆಮೇಲೆ ಕ್ಯಾಲೆಂಡರ್ ಹಿಡಿದು ಪ್ರತಿ ದಿನಾಂಕ ತಾಳೆ ನೋಡಿ. ಕೊನೆಗೆ ಹಸ್ತಪ್ರತಿಯನ್ನು ಇಬ್ಬರಿಗೆ ಕೊಟ್ಟು, ಗೋರಿ ತೆರೆಯುವ ಅಧ್ಯಾಯದ ಹಿಂದಿನ ಪುಟದಲ್ಲಿ ನಿಲ್ಲಿಸಿ, ಯಾರ ಮೇಲೆ ಅನುಮಾನ ಎಂದು ಕೇಳಿ. ಇಬ್ಬರೂ ಒಂದೇ ಹೆಸರು ಹೇಳಿದರೆ ಮೂರನೆಯ ಸಾವಿನಿಂದ ಮತ್ತೆ ಬರೆಯಬೇಕಾಗುತ್ತದೆ.